ಹಳೇ ಡ್ರೈವ್ ಗುಜರಿಗೆ ಹಾಕುವ ಮೊದಲು

ಇದು ಕಟ್ಟುಕಥೆಯಲ್ಲ, ಹನ್ನೊಂದು ವರ್ಷ ಕಟ್ಟಿಟ್ಟ ಟೇಪುಗಳ ಕಥೆ. ನಡೆದದ್ದು ಒಂದು ಬ್ರೈಲ್ ಪ್ರೆಸ್ಸಿನಲ್ಲಿ. ಕಣ್ಣು ಕಾಣದವರು ಬೆರಳಿನಿಂದ ಓದುವ ಪುಸ್ತಕಗಳು ಅಚ್ಚಾಗುವ ಜಾಗ.

ಅಲ್ಲಿ ಸ್ಟೋರ್ ನೋಡಿಕೊಳ್ಳುವವರನ್ನು ಎಲ್ಲರೂ ಕರೆಯುವುದು ‘ಮಾಮ’ ಎಂದೇ. ಮಾಮನ ನಿವೃತ್ತಿಗೆ ಇನ್ನೂ ಎರಡು ತಿಂಗಳಿತ್ತು. ಅವರ ಮೊಣಕಾಲುಗಳು ಆಗಲೇ ನಿವೃತ್ತಿ ಪಡೆದಿದ್ದವು. ಪ್ರತಿ ಶುಕ್ರವಾರ ಆ ವಾರದ ಪುಸ್ತಕಗಳನ್ನು ಕಂಪ್ಯೂಟರಿನಿಂದ ಟೇಪಿಗೆ ನಕಲು ಮಾಡುವುದು, ಟೇಪಿನ ಬೆನ್ನಿಗೆ ಬ್ರೈಲ್ ಚೀಟಿ ಅಂಟಿಸುವುದು, ಕಪಾಟಿನಲ್ಲಿ ಜೋಡಿಸುವುದು ಅವರ ಕೆಲಸ. ಚೀಟಿ ಸರಿಯಾಗಿದೆಯೇ ಎಂದು ತಪ್ಪದೆ ಪ್ರೂಫ್ ನೋಡುವವಳಿಂದ ಓದಿಸಿ ಖಾತ್ರಿ ಮಾಡಿಕೊಳ್ಳುತ್ತಿದ್ದರು. ಟೇಪಿನೊಳಗೇನಿದೆ ಎಂದು ಮಾತ್ರ ಒಂದು ಸಲವೂ ತೆರೆದು ನೋಡಿರಲಿಲ್ಲ. ‘ಟೇಪಿನಲ್ಲಿದೆಯಲ್ಲ’ ಎಂಬ ಧೈರ್ಯದಿಂದ ಹಳೆಯ ಪುಸ್ತಕಗಳನ್ನು ಕಂಪ್ಯೂಟರಿನಿಂದ ಅಳಿಸಿಯೂ ಆಗಿತ್ತು.

ಪ್ರೂಫ್ ನೋಡುವವಳಿಗೆ ಕಣ್ಣು ಕಾಣದು. ಅವಳ ಅಡ್ಡಹೆಸರು ಬೆರಳಮ್ಮ. ಬೆರಳಿನಷ್ಟೇ ಕಿವಿಯೂ ಚುರುಕು, ಕಿವಿಗಿಂತ ಬಾಯಿ ಚುರುಕು. ಪ್ರೆಸ್ಸಿನಲ್ಲಿ ಅವಳು ಅಣಕಿಸದ ಮನುಷ್ಯರಿಲ್ಲ, ಮೆಷಿನ್ನೂ ಇಲ್ಲ.

ಆ ಶುಕ್ರವಾರ ಬೆಳಿಗ್ಗೆ ಹೊಸ ಟೇಪ್ ಡ್ರೈವ್, ಅಂದರೆ ಟೇಪಿಗೆ ಬರೆಯುವ, ಟೇಪಿನಿಂದ ಓದುವ ಪೆಟ್ಟಿಗೆ, ಬಂದು ಕೂತು ಆ ವಾರದ ನಕಲು ಶುರುಮಾಡಿತ್ತು. ಹಳೆಯದು ಗುಜರಿಯವನಿಗೆಂದು ರಟ್ಟಿನ ಡಬ್ಬ ಸೇರಿ ಬಾಗಿಲ ಬಳಿ ಬಿದ್ದಿತ್ತು.

“ಮಾಮ, ನಿಮ್ಮ ಹೊಸ ಡ್ರೈವಿಗೆ ಉಬ್ಬಸಾನಾ?” ಬೆರಳಮ್ಮ ಬಾಗಿಲಲ್ಲೇ ನಿಂತು ಕೇಳಿದಳು.

“ಯಾಕಮ್ಮ?”

“ಝುಯ್ಯ್... ಟಕ್. ಸರ್ರ್... ಟಕ್. ಝುಯ್ಯ್...” ಡ್ರೈವೇ ನಾಚುವಂತೆ ಅಣಕಿಸಿದಳು.

“ಹಳೇದಕ್ಕಿಂತ ಐದು ಪಟ್ಟು ಸ್ಪೀಡು ಕಣಮ್ಮ. ಡಬ್ಬದ ಮೇಲೇ ಬರ್ದಿದೆ.”

“ಸ್ಪೀಡಿದೆ, ತಿನ್ನಿಸೋರಿಲ್ಲ. ನಮ್ಮ ಕಂಪ್ಯೂಟರ್ ಮುದುಕಿ ಒಂದೊಂದೇ ತುತ್ತು ಕೊಡುತ್ತೆ. ಇದು ಗಬಕ್ಕನೆ ನುಂಗಿ, ಮುಂದಿನ ತುತ್ತು ಬರ್ಲಿಲ್ಲ ಅಂತ ನಿಲ್ಲುತ್ತೆ. ಅಷ್ಟರಲ್ಲಿ ಟೇಪು ಮುಂದಕ್ಕೆ ಹೋಗಿರುತ್ತೆ. ಹಿಂದಕ್ಕೆ ಸುತ್ಕೊಂಡು ಮತ್ತೆ ಹೊರಡ್ಬೇಕು. ಹೊತ್ತೂ ದಂಡ, ಟೇಪೂ ಸವೆಯುತ್ತೆ.”

“ಇದೆಲ್ಲ ನಿಂಗ್ಯಾರು ಹೇಳಿದ್ದು?”

“ಡ್ರೈವ್ ಜೊತೆ ಬಂದ ಪುಸ್ತಕ. ಕಣ್ಣಿರೋರು ಯಾರೂ ಓದ್ಲಿಲ್ವಲ್ಲ ಅಂತ ಕಂಪ್ಯೂಟರಿಂದ ಓದಿಸಿ ನಾನೇ ಕೇಳ್ಕೊಂಡೆ. ಹಳೇ ಟೇಪು ಇದ್ರಲ್ಲಿ ಓದುತ್ತಾ, ನೋಡಿದ್ರಾ?”

“ಅದ್ರ ಬಾಯಿಗಿಟ್ಟು ನೋಡ್ದೆ. ಸರಿಯಾಗಿ ಕೂತ್ಕೊಳ್ತು.”

“ಕೂತ್ಕೊಳ್ಳೋದು ಬೇರೆ, ಓದೋದು ಬೇರೆ ಮಾಮ. ನಾನೂ ಗಣಿತದ ಕ್ಲಾಸಲ್ಲಿ ಹತ್ತು ವರ್ಷ ಕೂತಿದ್ದೆ.”

ಮಾಮ ಕನ್ನಡಕ ತೆಗೆದು ಕಣ್ಣುಜ್ಜಿಕೊಂಡರು. “ಸಾಕಾಗಿದೆ ತಾಯಿ. ಇನ್ನೆರಡು ತಿಂಗಳು. ಆಮೇಲೆ ಬಂದೋರು ನೋಡ್ಕೊಳ್ಳಲಿ.”

ಬೆರಳಮ್ಮ ಗೋಡೆ ಸವರುತ್ತ ಹೊರಟಳು.

ಅರ್ಧ ಗಂಟೆಯ ನಂತರ ಮೇಜಿನ ಫೋನ್ ಹೊಡೆದುಕೊಂಡಿತು. ಪ್ರೆಸ್ಸಿನ ಮುಖ್ಯಸ್ಥೆ ಮೇಡಂ ದನಿ, ನೆಗಡಿಯಿಂದ ಮೂಗು ಕಟ್ಟಿತ್ತು. “ಆರು ವರ್ಷದ ಹಿಂದಿನ ಭೂಗೋಳದ ಪುಸ್ತಕ ಬೇಕಲ್ಲ. ಊಟದ ಹೊತ್ತಿಗೆ ಟೇಪಿಂದ ತೆಗೆದುಕೊಡಿ.”

ಮಾಮ ನಿರಾಳವಾಗಿ ಟೇಪು ತಂದು ಹೊಸ ಡ್ರೈವಿಗೆ ಹಾಕಿದರು. ಅದು ಒಳಗೆಳೆದುಕೊಂಡು, ಒಂದು ಗಳಿಗೆ ಯೋಚಿಸಿ, ಹೊರಕ್ಕೆ ಉಗುಳಿತು. ಇನ್ನೊಂದು ಟೇಪು ಹಾಕಿದರು. ಅದನ್ನೂ ಉಗುಳಿತು. ನಾಲ್ಕನೆಯದಕ್ಕೆ ಅವರ ಅಂಗಿ ಬೆನ್ನಿಗೆ ಅಂಟಿಕೊಂಡಿತ್ತು.

ಕಪಾಟಿನ ತುಂಬ ಟೇಪುಗಳು. ಆರುನೂರು ಪುಸ್ತಕ. ಒಂದೊಂದು ಸಾಲನ್ನೂ ಬೆರಳಮ್ಮ ಸವರಿ ಸವರಿ ಓದಿದ್ದು. ಸಂಜೆಯ ಹೊತ್ತಿಗೆ ಬೆರಳ ತುದಿ ಜೋಮು ಹಿಡಿದು ಅವಳು ಬಿಸಿನೀರಿನ ಲೋಟದಲ್ಲಿ ಕೈ ಅದ್ದಿ ಕೂರುತ್ತಿದ್ದದ್ದನ್ನು ಮಾಮ ಹನ್ನೊಂದು ವರ್ಷ ಕಂಡಿದ್ದರು. ಅದನ್ನೆಲ್ಲ ಮೊದಲಿಂದ ಓದು ಎಂದು ಅವಳಿಗೆ ಯಾವ ಬಾಯಲ್ಲಿ ಹೇಳುವುದು?

ಕಂಬಿ ಹಿಡಿದು ಒಂದೊಂದೇ ಮೆಟ್ಟಿಲು ಹತ್ತಿ ಮೇಡಂ ಕೋಣೆಗೆ ಹೋದರು. “ಟೇಪೆಲ್ಲ ಹಾಳಾಗಿದೆ ಮೇಡಂ. ತಪ್ಪು ನಂದೇ. ನನ್ನ ಇವತ್ತೇ ಮನೆಗೆ ಕಳಿಸಿಬಿಡಿ.”

“ಯಾವ ಟೇಪು?”

“ಭೂಗೋಳದ್ದು. ಈಗ ಫೋನಲ್ಲಿ ಕೇಳಿದ್ರಲ್ಲ?”

“ನಾನು ಫೋನೇ ಮಾಡಿಲ್ಲ!”

ಮೂಲೆಯಲ್ಲಿ ಪ್ರೂಫ್ ಹಾಳೆ ಹಿಡಿದು ಕೂತಿದ್ದ ಬೆರಳಮ್ಮ ಎದ್ದು ನಿಂತಳು. “ಅದು ನಾನು ಮಾಮ. ಒಂದ್ಸಲ ಹಾಕಿ ನೋಡ್ಲಿ ಅಂತ ತಮಾಷೆ ಮಾಡ್ದೆ. ನಿಮ್ಮ ದನಿ ಇಷ್ಟು ನಡುಗುತ್ತೆ ಅಂದ್ಕೊಂಡಿರ್ಲಿಲ್ಲ.”

ಮಾಮನಿಗೆ ಕೋಪ ಮಾಡಿಕೊಳ್ಳುವಷ್ಟೂ ತ್ರಾಣವಿರಲಿಲ್ಲ. ಸಿಕ್ಕ ಕುರ್ಚಿಯಲ್ಲಿ ಕೂತರು. “ತಮಾಷೆ ಇರ್ಲಿ. ಟೇಪು ಹೋಯ್ತಲ್ಲಮ್ಮ.”

“ಹೋಗಿಲ್ಲ. ಹೊಸ ಡ್ರೈವ್ ತನ್ನ ಹಿಂದಿನ ಒಂದೆರಡು ತಲೆಮಾರಿನ ಟೇಪು ಮಾತ್ರ ಓದುತ್ತೆ. ನಮ್ಮವು ನಾಲ್ಕು ತಲೆಮಾರು ಹಿಂದಿನವು. ಹಳೇ ಡ್ರೈವ್ ಓದುತ್ತೆ.”

“ಹಳೇ ಡ್ರೈವ್?” ಮಾಮ ಕಿಟಕಿಯತ್ತ ತಿರುಗಿದರು. ಸಂಜೆ ಬರಬೇಕಿದ್ದ ಗುಜರಿಯವನು ಆಗಲೇ ಗೇಟಿನ ಬಳಿ ತಕ್ಕಡಿ ಹಿಡಿದಿದ್ದ.

ಆ ಮೊಣಕಾಲುಗಳು ಮೆಟ್ಟಿಲಿಳಿದ ವೇಗ ಯಾವ ಡಬ್ಬದ ಮೇಲೂ ಬರೆದಿರಲಿಲ್ಲ.

“ಕೊಡಪ್ಪ ಅದನ್ನ ಇಲ್ಲಿ!”

“ತೂಕ ಆಗೋಯ್ತು ಯಜಮಾನ್ರೇ.”

“ಬೇಕಾದ್ರೆ ನನ್ನೇ ತೂಗಿ ತಗೊಂಡೋಗು, ಅದನ್ನ ಬಿಟ್ಟೋಗು!”

ಅಷ್ಟರಲ್ಲಿ ಮೇಡಂ, ಬೆರಳಮ್ಮ ಇಬ್ಬರೂ ಕೆಳಗೆ ಬಂದಿದ್ದರು. ಮಾಮ ಸ್ಟೋರಿನ ಮೂಲೆಯ ಹಳೆ ಕಂಪ್ಯೂಟರಿಗೆ ಹಳೆ ಡ್ರೈವನ್ನು ಜೋಡಿಸಿ ಭೂಗೋಳದ ಟೇಪು ಹಾಕಿದರು. ಗೊರಗೊರ ಎಂದಿತು. ಉಗುಳಲಿಲ್ಲ.

ಟೇಪು ಸುತ್ತಿಕೊಂಡು ಪುಸ್ತಕ ಹುಡುಕುವಷ್ಟರಲ್ಲಿ ನಿಮಗೊಂದು ಮಾತು. ನಿಮ್ಮ ಕಚೇರಿಯಲ್ಲೂ ಇಂಥ ಕಪಾಟಿರಬಹುದು. ಇವತ್ತೇ ಅದರಿಂದ ಹಳೆಯದೊಂದು ಟೇಪು ತೆಗೆದು, ಒಂದು ಕಡತವನ್ನಾದರೂ ವಾಪಸ್ ತಂದು ತೆರೆದು ನೋಡಿ. ಹೊಸ ಡ್ರೈವ್ ಕೊಳ್ಳುವ ಮುಂಚೆ ಅದು ಯಾವ ಯಾವ ತಲೆಮಾರಿನ ಟೇಪು ಓದುತ್ತದೆ, ಯಾವುದಕ್ಕೆ ಬರೆಯುತ್ತದೆ ಎಂದು ಕೇಳಿ. ಎರಡೂ ಒಂದೇ ಅಲ್ಲ. ನಿಮ್ಮ ಕಂಪ್ಯೂಟರು ಅದಕ್ಕೆ ತಕ್ಕ ವೇಗದಲ್ಲಿ ಉಣಿಸಬಲ್ಲದೇ ಎಂದೂ ವಿಚಾರಿಸಿ. ಆಗದಿದ್ದರೆ ಎಲ್ಲವನ್ನೂ ಮೊದಲು ಒಂದು ವೇಗದ ಡಿಸ್ಕಿನಲ್ಲಿ ಕೂಡಿಸಿಕೊಂಡು, ಅಲ್ಲಿಂದ ಒಂದೇ ಸಮನೆ ಟೇಪಿಗೆ ಹರಿಸಿ. ಹಳೆಯ ಟೇಪುಗಳೆಲ್ಲ ಹೊಸದಕ್ಕೆ ನಕಲಾಗಿ, ನಕಲನ್ನು ಓದಿ ನೋಡುವ ತನಕ ಹಳೆ ಡ್ರೈವನ್ನೂ ಅದರ ಕೇಬಲ್ಲನ್ನೂ ಹೊಸ್ತಿಲು ದಾಟಿಸಬೇಡಿ. ನಿಮಗೂ ಸಾಕಾಗಿರುತ್ತದೆ, ಗೊತ್ತು. ಆದರೂ ಮಾಡಿ.

ಪುಸ್ತಕ ಸಿಕ್ಕಿತು. ಮೊದಲ ಹಾಳೆ ಚುಕ್ಕಿಚುಕ್ಕಿಯಾಗಿ ಅಚ್ಚಾಗಿ ಬಂತು. ಬೆರಳಮ್ಮ ಸವರುತ್ತ ಹೋದವಳು ಗಕ್ಕನೆ ನಿಂತಳು.

“ಏನಮ್ಮಾ? ಹಾಳಾಗಿದ್ಯಾ?” ಮಾಮ ಹಾಳೆಯ ಮೇಲೆ ಬಗ್ಗಿದರು.

“ಒಂದಕ್ಷರಾನೂ ಹಾಳಾಗಿಲ್ಲ ಮಾಮ. ‘ನದಿಯು ಸಮುದ್ರದಲ್ಲಿ ಹುಟ್ಟಿ ಬೆಟ್ಟವನ್ನು ಸೇರುತ್ತದೆ.’ ಆರು ವರ್ಷದ ಹಿಂದೆ ಇದರ ಪ್ರೂಫ್ ನೋಡಿದ್ದು... ನಾನೇ.”

ಮೇಡಂ ಕರವಸ್ತ್ರದೊಳಗೇ ನಕ್ಕರು. ಬಾಗಿಲಲ್ಲಿ ನಿಂತಿದ್ದ ಗುಜರಿಯವನು ಯಾಕೆಂದು ತಿಳಿಯದಿದ್ದರೂ ನಕ್ಕ. ಮಾಮ ಎರಡೂ ಮೊಣಕಾಲು ಹಿಡಿದು ನೆಲದ ಮೇಲೇ ಕೂತು, ಹಳೆ ಡ್ರೈವಿನ ಗೊರಗೊರವೂ ಕೇಳದಷ್ಟು ಜೋರಾಗಿ, ಕಣ್ಣಲ್ಲಿ ನೀರು ಬರುವ ತನಕ ನಕ್ಕರು.