ಮೊದಲ ತುತ್ತಿನ ಗುಂಡಯ್ಯ

ಗುಂಡಯ್ಯ ಮುದ್ದೆ ನುಂಗುವುದನ್ನು ನೋಡುವುದೇ ಒಂದು ಸೊಗಸಾಗಿತ್ತು. ಹರದನಹಳ್ಳಿಯ ಸುತ್ತಿನ ಊಟದ ಪಂಕ್ತಿಗಳಲ್ಲಿ ಅವರ ಎದುರು ಸಾಲಿನಲ್ಲಿ ಜನ ಜಾಗ ಹಿಡಿಯುತ್ತಿದ್ದರೆಂದರೆ ಉತ್ಪ್ರೇಕ್ಷೆಯಲ್ಲ. ಬೆರಳ ತುದಿಯಲ್ಲಿ ಮುರಿದುಕೊಂಡು, ಸಾರಿನಲ್ಲಿ ಒಮ್ಮೆ ಹೊರಳಿಸಿ, ಕಣ್ಣನ್ನು ಅರೆಮುಚ್ಚಿ ಬಾಯಿಗಿಟ್ಟರೆ ತುತ್ತು ನಿಶ್ಶಬ್ದವಾಗಿ ಇಳಿದುಹೋಗುತ್ತಿತ್ತು. ಗಂಟಲಮಣಿ ಒಮ್ಮೆ ಮೇಲೆದ್ದು ಕೆಳಗಿಳಿದದ್ದಷ್ಟೇ ನೋಡುವವರಿಗೆ ಸಿಗುತ್ತಿದ್ದುದು. ಮುದ್ದೆಯನ್ನು ಅಗಿಯುವ ಪಟ್ಟಣದ ನೆಂಟರನ್ನು ಕಂಡರೆ ಅವರಿಗೆ ನಿಜವಾಗಿ ಕನಿಕರ. "ಮುದ್ದೆಗೆ ಅಲ್ಲು ಯಾತಕ್ಲಾ? ಗಂಟ್ಲೊಂದ್ ನೆಟ್ಟಗಿದ್ರೆ ಸಾಕು ಕಣ" ಎನ್ನುತ್ತಿದ್ದರು. ಬಾಯಿ ಇರುವುದು ಹೊಗೆಸೊಪ್ಪಿನ ಕಡ್ಡಿಪುಡಿ ಇಟ್ಟುಕೊಳ್ಳಲು ಎಂದೇ ಅವರ ತಿಳಿವಳಿಕೆ.

ರಸ್ತೆ ಕೆಲಸದ ಮೇಸ್ತ್ರಿಯಾಗಿ ಸವೆದ ದೇಹ ಅವರದು: ಎತ್ತರ, ಸಪೂರ, ನಡೆಯುವಾಗ ದೃಷ್ಟಿ ಸದಾ ಗುಂಡಿ ಹುಡುಕುತ್ತ ನೆಲದ ಮೇಲೆ. ಬೇಸಿಗೆಗೂ ಚಳಿಗೂ ಒಂದೇ ಖಾಕಿ ಕೋಟು. ಅದರ ಒಂದು ಜೇಬಿನಲ್ಲಿ ಕಡ್ಡಿಪುಡಿ, ಇನ್ನೊಂದರಲ್ಲಿ ಮೊಮ್ಮಕ್ಕಳಿಗೆಂದು ಹೇಳಿ ತಾವೇ ಚೀಪುವ ಪೆಪ್ಪರ್‌ಮೆಂಟು. ಮಾತು ತಮಗೆ ಒಗ್ಗದ ಕಡೆಗೆ ತಿರುಗಿತೆಂದರೆ "ಅದಂಗಿರ್ಲಿ" ಎಂದು ಅಲ್ಲಿಗೇ ಮಣ್ಣು ಮುಚ್ಚಿಬಿಡುವರು. ಹೆಂಡತಿ ಸಣ್ಣಕ್ಕ ಆ ಮಣ್ಣನ್ನು ಕೆದಕಲು ಹೋಗಿ ಸೋತು, ಕೊನೆಗೆ ಅದನ್ನೂ ಗಂಡನ ಗುಣವೆಂದೇ ಒಪ್ಪಿಕೊಂಡ ಮಹಾತಾಯಿ.

ಬೀದಿಯಲ್ಲಿ ಯಾರ ಮನೆಯ ಬೀಗರೂಟವಿರಲಿ, ಹಂಡೆಯಲ್ಲಿ ಮುದ್ದೆ ತಿರುವುವ ಕೋಲು ಗುಂಡಯ್ಯನವರ ಕೈಗೇ. ಅವರ ಕಡೆ ಒಂದು ಪದ್ಧತಿಯಿದೆ: ಮುದ್ದೆ ತಿರುವಿದವನು ಹಿರಿಯರ ಮುಂದೆ ನಿಂತು ಮೊದಲ ತುತ್ತು ನುಂಗಬೇಕು. ಅದು ಗಂಟಿಲ್ಲದೆ ಇಳಿದರೆ ಪಂಕ್ತಿಗೆ ಬಡಿಸಬಹುದು. ಇತ್ತೀಚೆಗೆ ಮೂತ್ರದ ಅವಸರ ಹೆಚ್ಚಿ ಹಂಡೆಯ ಮುಂದಿನಿಂದ ಮತ್ತೆ ಮತ್ತೆ ಎದ್ದು ಹೋಗಬೇಕಾಗುತ್ತಿದ್ದುದು ಅವರಿಗೆ ದೊಡ್ಡ ಅವಮಾನವಾಗಿ, ಯಾರಿಗೂ ಹೇಳದೆ ಡಾಕ್ಟರೊಬ್ಬರಿಂದ ಮಾತ್ರೆ ಬರೆಸಿಕೊಂಡು ಬಂದಿದ್ದರು. ಮಾತ್ರೆ ಚೆನ್ನಾಗಿಯೇ ಕೆಲಸ ಮಾಡಿತು.

ತಮ್ಮನ ಮಗ ಧರ್ಮೇಂದ್ರನ ಮದುವೆ ಬುದ್ಧವಂದನೆಯೊಂದಿಗೆ ನೆರವೇರಿ, ಮಾರನೆಯ ದಿನದ ಬೀಗರೂಟಕ್ಕೆ ಗುಂಡಯ್ಯ ಎಂದಿನಂತೆ ಮೊದಲ ತುತ್ತು ಬಾಯಿಗಿಟ್ಟರು. ಅದು ಇಳಿಯಲಿಲ್ಲ. ಅಂಗುಳಕ್ಕೆ ಅಂಟಿ, ನಾಲಿಗೆಗೆ ಅಂಟಿ, ಗಂಟಲ ಹೊಸ್ತಿಲಲ್ಲಿ ನಿಂತುಬಿಟ್ಟಿತು. ಕಣ್ಣಲ್ಲಿ ನೀರು ಬಂತು. ಬೀಗ ಕೆಂಚಯ್ಯ ಬೆನ್ನಿಗೆ ಗುದ್ದಿದ ಮೇಲೆ ತುತ್ತು ಹೊರಗೆ ಬಿತ್ತು. ಪಂಕ್ತಿಗೆ ಪಂಕ್ತಿಯೇ ನೋಡಿತು.

ಹಿಟ್ಟಿನಲ್ಲಿ ಗಂಟಿಲ್ಲವೆಂಬುದು ತಿರುವಿದ ಕೈಗೆ ಗೊತ್ತಿತ್ತು. ಹಾಗಿದ್ದರೆ ಗಂಟು ಇರುವುದು ಗಂಟಲಲ್ಲೇ ಎಂದು ಗುಂಡಯ್ಯ ತೀರ್ಮಾನಿಸಿದರು. ಅವರ ಅಣ್ಣ ದ್ಯಾವಯ್ಯ ಗಂಟಲ ಕ್ಯಾನ್ಸರಿನಲ್ಲಿ ತೀರಿಕೊಂಡವರು. ಅವರಿಗೂ ಮೊದಮೊದಲು ಮುದ್ದೆಯೇ ನಿಂತದ್ದು. ಬೆಳಗ್ಗೆ ಏಳುವಾಗ ನಾಲಿಗೆ ಒಣಗಿ ತೊಗಲಾಗಿರುವುದು, ಮಾತಿನ ನಡುವೆ ತುಟಿ ಅಂಟುವುದು, ಎಲ್ಲವೂ ಆ ಸಾವಿನ ಮುನ್ಸೂಚನೆಗಳಾಗಿಯೇ ಕಂಡವು. ಪಾಪ, ಅವರು ಹೆದರಿಹೋದರು. ಹೆದರಿದ್ದನ್ನು ಯಾರಿಗೂ ಹೇಳಲಿಲ್ಲ.

ಅಂದಿನಿಂದ ಅವರ ಊಟ ಹಿತ್ತಿಲಿಗೆ ಹೋಯಿತು. ತಟ್ಟೆಯ ಮುದ್ದೆಯಲ್ಲಿ ಅರ್ಧ ನಾಯಿಗೆ, ಅರ್ಧ ಸಾರಿನಲ್ಲಿ ಕಿವುಚಿ ಗಂಜಿಯಾಗಿ ಹೊಟ್ಟೆಗೆ. ಸಣ್ಣಕ್ಕ ಇದನ್ನು ಕದ್ದು ನೋಡಿದರು. ತನ್ನ ಕೈಯಡುಗೆ ಗಂಡನಿಗೆ ಸೇರದಾಯಿತೆಂದು ಆ ಜೀವ ನೊಂದುಕೊಂಡಿತು. ರಾಗಿಯನ್ನು ಬೇರೆ ಮಿಲ್ಲಿಗೆ ಕಳಿಸಿ ನೋಡಿದರು, ಬಸ್ಸಾರು ಮಾಡಿದರು, ಮಸ್ಸೊಪ್ಪು ಮಾಡಿದರು. ಕೇಳಿದರೆ "ಅದಂಗಿರ್ಲಿ". ಕಡೆಗೊಂದು ದಿನ ಮುದ್ದೆ ಕೋಲನ್ನು ಸೊಸೆ ಯಶೋಧರಾಳ ಕೈಗಿಟ್ಟು, "ಇನ್ಮೇಲೆ ನೀನೇ ಮಾಡವ್ವ, ನನ್ ಕೈ ಓಯ್ತು" ಎಂದು ಜಗಲಿಗೆ ಬಂದು ಕೂತರು.

ಗುಂಡಯ್ಯ ಮಾತ್ರ ಊರೂರು ತಿರುಗತೊಡಗಿದರು. ದಂಡಿಗನಹಳ್ಳಿಯ ತಂಗಿಯ ಮನೆ, ಅರಕಲಗೂಡಿನಲ್ಲಿ ಜೊತೆಗೆ ಟಾರು ಹಾಕಿದ ನಂಜಯ್ಯನ ಮನೆ. ಹೋದಲ್ಲೆಲ್ಲ "ಸುಮ್ಕೆ, ನೋಡ್ಕಂಡ್ ಓಗಾನಾ ಅಂತ ಬಂದೆ ಕಣ" ಎನ್ನುವರು, ಎದುರಿಗಿದ್ದವರ ಕೈ ಹಿಡಿದು ಸ್ವಲ್ಪ ಹೊತ್ತು ಬಿಡುತ್ತಿರಲಿಲ್ಲ. ಬಸ್ಸಿನಲ್ಲಿ ಅವಸರವಾದರೆ ಕಷ್ಟವೆಂದು ಹೊರಡುವ ಮುನ್ನ ಒಂದು ಮಾತ್ರೆ ಹೆಚ್ಚಿಗೆ ನುಂಗುವರು, ನೀರು ಕುಡಿಯುತ್ತಿರಲಿಲ್ಲ. ಬಾಯಿ ಇನ್ನಷ್ಟು ಒಣಗುತ್ತಿತ್ತು. ಅದನ್ನು ನೋಡಿ ಕಾಲ ಇನ್ನಷ್ಟು ಹತ್ತಿರ ಬಂತೆಂದು ಮತ್ತೊಂದು ಊರಿಗೆ ಹೊರಡುತ್ತಿದ್ದರು.

ಹೀಗಿರುವಾಗ ಅವರ ಹಲ್ಲುಗಳು ಬುಡದಲ್ಲಿ ಕಂದುಗಟ್ಟಿ ಒಂದೊಂದೇ ಮುರಿಯತೊಡಗಿದವು. ನೋವು ತಾಳಲಾರದ ದಿನ ಯಶೋಧರಾ ಅವರನ್ನು ಬಿಡದೆ ಹೊಳೆನರಸೀಪುರದ ಹಲ್ಲಿನ ಡಾಕ್ಟರ್ ಪ್ರತಿಭಾ ಅವರಲ್ಲಿಗೆ ಕರೆದೊಯ್ದಳು. ಡಾಕ್ಟರು ಪುಟ್ಟ ಕನ್ನಡಿಯನ್ನು ಬಾಯೊಳಗಿಟ್ಟರೆ ಅದು ಒಳಗೆನ್ನೆಗೆ ಅಂಟಿಕೊಂಡಿತು. ಅವರು ಮೆಲ್ಲಗೆ ಬಿಡಿಸಿಕೊಂಡು, "ತಾತ, ಊಟ ಹೇಗೆ ಇಳಿಯುತ್ತೆ ನಿಮಗೆ?" ಎಂದು ಕೇಳಿದರು.

ಮನೆಯವರಿಗೆಲ್ಲ ಮುಚ್ಚಿಟ್ಟದ್ದನ್ನು ಗುಂಡಯ್ಯ ಪರಿಚಯವಿಲ್ಲದ ಆ ಹೆಣ್ಣುಮಗಳಿಗೆ ಹೇಳಿಬಿಟ್ಟರು. "ಇಳಿಯಾಕಿಲ್ಲ ಕಣವ್ವ. ನಮ್ಮಣ್ಣಂಗೆ ಬಂದಿದ್ದೇ ನಂಗೂ ಬಂದೈತೆ."

"ಏನೇನು ಮಾತ್ರೆ ತಗೋತೀರ?"

ಕೋಟಿನ ಒಳಜೇಬಿನಿಂದ ಮಾತ್ರೆಯ ಪಟ್ಟಿ ಹೊರಬಂತು. ಸೊಸೆ ಅದನ್ನು ನೋಡಿದ್ದು ಅದೇ ಮೊದಲು. "ಇದಕ್ಕೇ ಜೊಲ್ಲು ಆರಿರೋದು ತಾತ. ಜೊಲ್ಲಿಲ್ಲದೆ ಮುದ್ದೆ ಜಾರೋದು ಹೇಗೆ, ಹಲ್ಲು ಉಳಿಯೋದು ಹೇಗೆ?" ಎಂದರು ಡಾಕ್ಟರು. ಪೆಪ್ಪರ್‌ಮೆಂಟೂ ಕಡ್ಡಿಪುಡಿಯೂ ಬೇಡವೆಂದರು, ಆಗಾಗ ಗುಟುಕು ನೀರು ಕುಡಿಯಲು ಹೇಳಿದರು, ಅನುಮಾನವೇ ಉಳಿಯಬಾರದೆಂದು ಗಂಟಲ ಪರೀಕ್ಷೆಗೆ ಹಾಸನಕ್ಕೂ ಕಳಿಸಿದರು. ಹಾಸನದಲ್ಲಿ ಗಂಟಲೊಳಗೆ ಕೊಳವೆ ಇಳಿಸಿ ನೋಡಿದವರು ಏನೂ ಇಲ್ಲವೆಂದರು. ಮೂತ್ರದ ಡಾಕ್ಟರು ಮಾತ್ರೆ ಬದಲಿಸಿದರು.

ಅಂದು ಸಂಜೆ ಜಗಲಿಯಲ್ಲಿ ಕೂತು ಗುಂಡಯ್ಯ ಎಲ್ಲವನ್ನೂ ಹೇಳಿ ಮುಗಿಸಿದರು. ಸಣ್ಣಕ್ಕ ಸೆರಗಿನಿಂದ ಮೂಗೊರೆಸಿಕೊಂಡು, "ನನ್ ಕೈಗೇ ಬ್ಯಾನೆ ಬಂತು ಅನ್ಕಂಡು ವಲೆ ಬಿಟ್ ಕೂತಿದ್ನಲ್ಲ. ಸಾಯ್ತೀನಿ ಅಂತ ದಂಡಿಗನಳ್ಳಿಗಂಟ ಓಗ್ ಬಂದ್ರಿ, ಅಡ್ಗೆಮನೆಗಂಟ ಬರಾಕಾಗ್ನಿಲ್ವಾ?" ಎಂದರು. ಸಣ್ಣಕ್ಕ ಎದ್ದು ಒಳಗೆ ಹೋಗಿ, ಸೊಸೆಯನ್ನು ಪಕ್ಕಕ್ಕೆ ಸರಿಸಿ, ಮುದ್ದೆಗೆ ಎಸರಿಟ್ಟರು.

ಗುಂಡಯ್ಯನಂಥವರು ನಮ್ಮ ಸುತ್ತ ಬೇಕಾದಷ್ಟು ಮಂದಿ ಇದ್ದಾರೆ. ಊರಿಗೆ ರಸ್ತೆ ಹಾಕಿದವರು, ಊರಿಗೆ ಬಡಿಸಿದವರು, ತಮ್ಮ ದೇಹದ ಸಣ್ಣ ಸಂಕಟವನ್ನು ಮಾತ್ರ ಮನೆಯವರ ಮುಂದಿಡಲು ನಾಚುವವರು. ಹೇಳಿದರೆ ಹೊರೆಯಾದೇನೆಂದು ಅವರು ಸುಮ್ಮನಿರುತ್ತಾರೆ. ಆ ಸುಮ್ಮನಿರುವಿಕೆಯ ಹೊರೆಯನ್ನು ಬಾಗಿಲ ಆಚೆ ಯಾರೋ ಒಬ್ಬರು, ತನ್ನದೇ ತಪ್ಪೆಂದು ತಿಳಿದು, ಹೊತ್ತುಕೊಂಡು ಕೂತಿರುತ್ತಾರೆ.