ಹದಿನಾಲ್ಕು ಡಬ್ಬಿ

“ಸಾರ್, ಕಾಲಿನ ಕಡೆ ನೀವು ಹಿಡ್ಕೊಳ್ಳಿ. ತಿರುವು ಬಂದಾಗ ಸ್ವಲ್ಪ ಎತ್ತಿ,” ಎಂದ ಕೆಳಮನೆಯ ಕ್ಷೌರಿಕ.

ಸ್ಟ್ರೆಚರ್ ಲಿಫ್ಟಿನಲ್ಲಿ ಹಿಡಿಸಲಿಲ್ಲ. ಮೂರು ಮಹಡಿಯನ್ನೂ ಮೆಟ್ಟಿಲಲ್ಲೇ ಇಳಿಸಬೇಕಾಗಿತ್ತು. ಹಿಂದೆ ಎಲ್ಲೋ ನಿಂತು, ಮುಖ ತೋರಿಸಿದ ಶಾಸ್ತ್ರ ಮಾಡಿ ಮೆಲ್ಲಗೆ ಜಾರಿಕೊಳ್ಳೋಣವೆಂದು ಬಂದಿದ್ದ ಡಾಕ್ಟರು ಹೀಗೆ ಸತ್ತವಳ ಕಾಲಬುಡದಲ್ಲೇ ಸಿಕ್ಕಿಬಿದ್ದರು.

ಡಾಕ್ಟರೆಂದರೆ ನಾಡಿ ಹಿಡಿದು ನೋಡುವ ಡಾಕ್ಟರಲ್ಲ. ಮಕ್ಕಳ ಆಸ್ಪತ್ರೆಯ ಹಿಂಬದಿಯ ಲ್ಯಾಬಿನಲ್ಲಿ ಭೇದಿ ತರುವ ವೈರಸ್ಸುಗಳನ್ನು ಪರೀಕ್ಷೆ ಮಾಡುವವರು. ಸತ್ತವಳು ಅದೇ ಆಸ್ಪತ್ರೆಯ ಆಯಾ. ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಭೇದಿಯಾದ ಮಕ್ಕಳ ಮಲವನ್ನು ಚಮಚದಿಂದ ತೆಗೆದು, ಪುಟ್ಟ ಡಬ್ಬಿಗೆ ಹಾಕಿ, ಹೆಸರು, ವಯಸ್ಸು, ತಾರೀಖು ಬರೆದು ಲ್ಯಾಬಿಗೆ ತಂದುಕೊಟ್ಟವಳು. ಆಸ್ಪತ್ರೆಯಲ್ಲಿ ದೊಡ್ಡವರು ಚಿಕ್ಕವರೆನ್ನದೆ ಎಲ್ಲರಿಗೂ ಡಬ್ಬಿಯಮ್ಮ.

“ಭಾರ ಇಲ್ಲ ಅಲ್ವಾ ಸಾರ್? ಕೊನೆಕೊನೆಗೆ ಊಟಾನೇ ಬಿಟ್ಟಿದ್ರು.” ಕ್ಷೌರಿಕನಿಗೆ ಸುಮ್ಮನೆ ಮೆಟ್ಟಿಲಿಳಿಯುವ ಅಭ್ಯಾಸವಿರಲಿಲ್ಲ. “ಮಾತು ಮಾತ್ರ ಹರಿತ. ‘ಏನಮ್ಮಾ, ದಿನಾ ಅದನ್ನೇ ಮುಟ್ಟೋದಾ, ಅಸಹ್ಯ ಆಗಲ್ವಾ?’ ಅಂತ ಒಂದ್ಸಲ ಕೇಳಿದ್ದೆ. ‘ನೀನು ಜನರ ತಲೆ ನೋಡ್ತೀಯ, ನಾನು ಇನ್ನೊಂದು ತುದಿ ನೋಡ್ತೀನಿ. ಸುಳ್ಳು ಹೇಳದೆ ಇರೋದು ನನ್ನ ಕಡೇದೇ ಕಣಯ್ಯ’ ಅಂದ್ರು.”

ಮುಂದೆ ಹಿಡಿದವರು ನಕ್ಕರು. ಡಾಕ್ಟರಿಗೆ ಕಿವಿ ಬಿಸಿಯಾಯಿತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುತ್ತಾರೆ; ಇವರಿಗೆ ಮುಟ್ಟಿಕೊಳ್ಳಲು ಕೈಯೂ ಖಾಲಿಯಿರಲಿಲ್ಲ.

ಕೆಳಗೆ ವ್ಯಾನಿನ ಬಳಿ ಮಗಳು ನಿಂತಿದ್ದಳು. ಅಂಚೆ ಕಚೇರಿಯಲ್ಲಿ ಕೆಲಸ, ನಲವತ್ತರ ಆಚೀಚೆ ವಯಸ್ಸು. ಅತ್ತು ಮುಗಿಸಿ ಮುಖ ತೊಳೆದುಕೊಂಡಿದ್ದಳು. ಡಾಕ್ಟರನ್ನು ಕಂಡು ಎರಡು ಹೆಜ್ಜೆ ಮುಂದೆ ಬಂದಳು.

“ನೀವು ಬರ್ತೀರ ಅಂತ ಅಂದ್ಕೊಂಡಿರ್ಲಿಲ್ಲ ಸಾರ್. ಅಮ್ಮ ನಿಮಗೆ ಅಂಥಾ ಮೋಸ ಮಾಡಿದ್ಮೇಲೂ ಬಂದ್ರಿ. ದೊಡ್ಡ ಮನಸ್ಸು ನಿಮ್ಮದು.”

ಅವಳು ಅದನ್ನು ಚುಚ್ಚಿ ಹೇಳಿದ್ದರೆ ತಡೆದುಕೊಳ್ಳಬಹುದಿತ್ತು. ಅವಳು ನಿಜವಾಗಿಯೂ ಕೃತಜ್ಞತೆಯಿಂದ ಹೇಳಿದ್ದಳು. ಡಾಕ್ಟರು ಬಾಯಿ ತೆರೆದರು, ಅಷ್ಟರಲ್ಲಿ ಯಾರೋ ಅವರನ್ನು ವ್ಯಾನಿನೊಳಗೆ ಹತ್ತಿಸಿದರು.

*

ಹನ್ನೊಂದು ವರ್ಷದ ಹಿಂದಿನ ಮಾತು. ಮಕ್ಕಳಿಗೆ ಭೇದಿ ತರುವ ರೋಟಾವೈರಸ್ಸಿಗೆ ಲಸಿಕೆ ಬಂದು ಮೂರು ವರ್ಷವಾಗಿತ್ತು. ಮೊದಲೆಲ್ಲ ಚಳಿಗಾಲ ಬಂತೆಂದರೆ ವಾರ್ಡಿನಲ್ಲಿ ಒಂದೊಂದು ಮಂಚಕ್ಕೆ ಇಬ್ಬಿಬ್ಬರು ಮಕ್ಕಳು, ಬಾಗಿಲ ತನಕ ತಾಯಂದಿರು. ಲಸಿಕೆಯ ಹನಿ ಮಕ್ಕಳ ಬಾಯಿಗೆ ಬಿದ್ದ ಮೇಲೆ ಅರ್ಧಕ್ಕರ್ಧ ಮಂಚಗಳು ಖಾಲಿ. ಎಲ್ಲರಿಗೂ ಸಂತೋಷವೇ. ಆದರೆ ಡಾಕ್ಟರ ತಲೆಯಲ್ಲಿ ಒಂದು ಪ್ರಶ್ನೆ ಕೊರೆಯುತ್ತಿತ್ತು: ಹಳೆಯ ತಳಿ ಬಿಟ್ಟುಹೋದ ಜಾಗಕ್ಕೆ ಯಾವ ತಳಿ ಬಂದು ಕೂರುತ್ತದೆ?

ಈ ವೈರಸ್ಸಿನ ಜೀನುಗಳು ಹನ್ನೊಂದು ತುಂಡು. ಒಂದೇ ಮಗುವಿಗೆ ಎರಡು ತಳಿ ಒಟ್ಟಿಗೆ ಅಂಟಿದರೆ ತುಂಡುಗಳು ಅದಲುಬದಲಾಗಿ ಮೂರನೆಯದೊಂದು ತಳಿ ಹುಟ್ಟಬಹುದು. ತುಂಡುಗಳನ್ನು ಲೋಳೆಯಂಥ ಜೆಲ್ಲಿನ ಹಾಳೆಯಲ್ಲಿ ವಿದ್ಯುತ್ತಿನಿಂದ ಓಡಿಸಿದರೆ ಹನ್ನೊಂದು ಗೆರೆ ಮೂಡುತ್ತವೆ. ತಳಿ ಬೇರೆಯಾದರೆ ಗೆರೆಗಳ ಜಾಗವೂ ಬೇರೆಯಾಗುತ್ತದೆ.

ಡಬ್ಬಿಯಮ್ಮ ಮೂರು ತಿಂಗಳಲ್ಲಿ ತಂದ ಹದಿನಾಲ್ಕು ಡಬ್ಬಿಗಳನ್ನು ಡಾಕ್ಟರು ಒಟ್ಟಿಗೆ ಓಡಿಸಿದರು. ಹದಿನಾಲ್ಕರಲ್ಲೂ ಗೆರೆಗಳ ಸಾಲು ಒಂದೇ ಥರ. ಅದೂ ಹಿಂದೆ ಎಂದೂ ಕಾಣದ ಸಾಲು. ಹದಿನಾಲ್ಕು ಬೇರೆ ಬೇರೆ ಮನೆಯ ಮಕ್ಕಳಲ್ಲಿ ಹೀಗಾಗಲು ಸಾಧ್ಯವೇ ಇಲ್ಲ ಎಂದುಕೊಂಡರು. ವಾರ್ಡು ಖಾಲಿ, ವಾರಕ್ಕೆ ಇಷ್ಟು ಡಬ್ಬಿ ಬೇಕೇ ಬೇಕೆಂದು ತಾವೇ ಕಟ್ಟುನಿಟ್ಟು ಮಾಡಿದ್ದರು. ಒಂದೇ ಮಗುವಿನದನ್ನು ಹದಿನಾಲ್ಕು ಪಾಲು ಮಾಡಿ, ಬಾಯಿಗೆ ಬಂದ ಹೆಸರು ಗೀಚಿದ್ದಾಳೆ ಎಂದು ತೀರ್ಮಾನಿಸಿಬಿಟ್ಟರು. ಮತ್ತೊಮ್ಮೆ ಯೋಚಿಸುವ ಗೋಜಿಗೂ ಹೋಗದೆ ಅವಳನ್ನು ಕರೆಸಿದರು, ವಾರ್ಡಿನ ನರ್ಸುಗಳೆಲ್ಲರ ಎದುರಿಗೆ.

“ಇವು ಹದಿನಾಲ್ಕು ಮಕ್ಕಳದ್ದಾ?”

“ಹೌದು ಸಾರ್. ಹೆಸರು ಬರ್ದಿದ್ದೀನಲ್ಲ.”

“ಹದಿನಾಲ್ಕು ಹೆಸರು ಬರೆಯೋಕೆ ಹದಿನಾಲ್ಕು ಮಕ್ಕಳೇ ಬೇಕು ಅಂತಿಲ್ಲ.”

ಅವಳಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದ ಮೇಲೆ ಮುಖ ಚಿಕ್ಕದಾಯಿತು. “ಇಲ್ಲ ಸಾರ್. ಒಂದೊಂದು ಮಗೂನೂ ನೆನಪಿದೆ ನಂಗೆ. ಆರನೇದು ಅವಳಿಜವಳೀಲಿ ಚಿಕ್ಕದು. ಒಂಬತ್ತನೇದಕ್ಕೆ ಅವತ್ತೇ ಹಲ್ಲು ಬಂದಿತ್ತು, ನೀರು ಕುಡಿಸೋ ಚಮಚ ಕಚ್ತು...”

“ಎಲ್ಲದರಲ್ಲೂ ಒಂದೇ ಥರ ಗೆರೆ ಬಂದಿದೆಯಲ್ಲ? ಯಂತ್ರ ಸುಳ್ಳು ಹೇಳುತ್ತಾ?”

ಅವಳು ಮೇಜಿನ ಮೇಲಿದ್ದ ಜೆಲ್ಲಿನ ಚಿತ್ರವನ್ನು ಬಗ್ಗಿ ನೋಡಿದಳು. ಬೆರಳಿಡದೆ, ಗೆರೆಗಳನ್ನು ಒಂದೊಂದಾಗಿ ನೋಡಿದಳು.

“ಯಂತ್ರ ಸುಳ್ಳು ಹೇಳ್ತಿಲ್ಲ ಅನ್ನಿ. ಈ ಸಲ ಎಲ್ಲಾ ಮಕ್ಕಳಿಗೂ ಒಂದೇ ಅಂಟಿರಬಾರ್ದಾ ಸಾರ್?”

ಡಾಕ್ಟರು ನಕ್ಕುಬಿಟ್ಟರು. “ನೋಡಿ, ನಾಳೆಯಿಂದ ನಾನು ಚಮಚ ಹಿಡೀತೀನಿ, ಇವರು ಲ್ಯಾಬ್ ನೋಡ್ಕೊಳ್ಳಲಿ,” ಎಂದರು. ನರ್ಸುಗಳೂ ನಕ್ಕರು.

ಊರ ಬಾಯಿಗೆ ಬೀಗ ಹಾಕುವವರು ಯಾರು? ‘ಮಲದಲ್ಲೂ ಮೋಸ’ ಎಂಬ ಮಾತು ಮಧ್ಯಾಹ್ನದ ಹೊತ್ತಿಗೆ ಆಸ್ಪತ್ರೆಯ ಗೇಟು ದಾಟಿತ್ತು. ಮರುದಿನ ಅವಳ ಸಹಿಯಿದ್ದ ತಪ್ಪೊಪ್ಪಿಗೆ ಪತ್ರ ಬಂತು. ಕೆಲಸ ಉಳಿಯಿತು, ಆದರೆ ಬಟ್ಟೆ ಒಗೆಯುವ ವಿಭಾಗಕ್ಕೆ ಹಾಕಿದರು. ನಿವೃತ್ತಿಯ ತನಕ ಅಲ್ಲೇ.

*

ಚಿತಾಗಾರದ ಮುಂದಿನ ಹಾಲಿನಲ್ಲಿ ಪ್ಲಾಸ್ಟಿಕ್ ಕುರ್ಚಿಗಳು, ಗೋಡೆಯ ಮೇಲೆ ಸದ್ದು ಮಾಡುವ ಫ್ಯಾನು. ಇವರಿಗಿಂತ ಮುಂಚೆ ಇನ್ನೊಂದು ಕುಟುಂಬದ ಸರದಿಯಿತ್ತು. ಸತ್ತವಳ ಅಕ್ಕ, ಮಗಳಿಗೆ ದೊಡ್ಡಮ್ಮ, ಕೋಲನ್ನು ತೊಡೆಯ ಮೇಲೆ ಅಡ್ಡ ಇಟ್ಟುಕೊಂಡು ಮುಂದಿನ ಸಾಲಿನಲ್ಲಿ ಕೂತಿದ್ದಳು. ಎಂಬತ್ತು ದಾಟಿದ ಜೀವ. ಕಿವಿಗೆ ಬಾಯಿಟ್ಟು ಕೂಗಿದರೆ ಮಾತ್ರ ಕೇಳುತ್ತಿತ್ತು.

ಮಗಳು ಹೊರಗಿನ ನಲ್ಲಿಯಲ್ಲಿ ಕೈ ತೊಳೆಯುತ್ತಿದ್ದಾಗ ಡಾಕ್ಟರು ಹಿಂದೆ ಹೋಗಿ ನಿಂತರು.

“ನಿಮ್ಮಮ್ಮ ಮೋಸ ಮಾಡಿರಲಿಲ್ಲ,” ಎಂದರು.

ಅವಳು ನಲ್ಲಿ ನಿಲ್ಲಿಸಿದಳು.

“ಅದು ಹದಿನಾಲ್ಕು ಮಕ್ಕಳದ್ದೇ. ಲಸಿಕೆ ಬಂದ ಮೇಲೆ ಹಳೇ ತಳಿ ಕಮ್ಮಿಯಾಗಿ, ಹೊಸದೊಂದು ಎಲ್ಲಾ ಕಡೆ ಹಬ್ಬಿತ್ತು. ಎಲ್ಲಾ ಮಕ್ಕಳಿಗೂ ಒಂದೇ ಅಂಟಿತ್ತು. ಅವರು ಹೇಳಿದ ಹಾಗೇ.”

“ನಿಮಗೆ ಯಾವಾಗ ಗೊತ್ತಾಯ್ತು?”

ಡಾಕ್ಟರು ಹೆದರಿದ್ದ ಪ್ರಶ್ನೆ ಅದೊಂದೇ.

“ಒಂಬತ್ತು ವರ್ಷ ಆಯ್ತು,” ಎಂದರು.

*

ಆಗ ಬೇರೊಂದು ಊರಿನ ಲ್ಯಾಬಿನವರು ಅದೇ ತಳಿ ತಮ್ಮಲ್ಲೂ ಸಿಕ್ಕಿದೆಯೆಂದು ಬರೆದಿದ್ದರು. ಡಾಕ್ಟರು ಫ್ರೀಜರಿನ ತಳದಲ್ಲಿದ್ದ ಡಬ್ಬಿಗಳನ್ನು ಹೊರತೆಗೆದು, ಜೀನುಗಳನ್ನು ಅಕ್ಷರ ಅಕ್ಷರ ಓದಿಸಿದರು. ತಳಿ ಒಂದೇ, ಆದರೆ ಅಕ್ಷರಗಳು ಒಂದೇ ಆಗಿರಲಿಲ್ಲ. ಒಂದೇ ಮಗುವಿನದಾಗಿದ್ದರೆ ಹಾಗಾಗುತ್ತಿರಲಿಲ್ಲ. ಮೂರನೆಯ ಡಬ್ಬಿಯಲ್ಲಿ ಒಂದು ಅಕ್ಷರ ಬದಲಾಗಿತ್ತು. ಆರನೆಯದರಲ್ಲಿ ಆ ಬದಲಾವಣೆಯ ಜೊತೆಗೆ ಇನ್ನೊಂದು. ಹನ್ನೊಂದನೆಯದರಲ್ಲಿ ಮತ್ತೊಂದು. ವೈರಸ್ಸು ಮಗುವಿನಿಂದ ಮಗುವಿಗೆ ದಾಟುತ್ತಾ ಬದಲಾಗಿದ್ದ ಕ್ರಮವೂ, ಡಬ್ಬಿಯಮ್ಮ ದುಂಡುದುಂಡಾಗಿ ಬರೆದಿದ್ದ ತಾರೀಖುಗಳ ಕ್ರಮವೂ ಒಂದೇ ಆಗಿದ್ದವು. ಒಂದು ಚೀಟಿಯೂ ತಪ್ಪಿರಲಿಲ್ಲ.

ಪ್ರಬಂಧ ಪ್ರಕಟವಾಯಿತು, ಡಾಕ್ಟರಿಗೆ ಒಳ್ಳೆಯ ಹೆಸರೂ ಬಂತು. ಕೊನೆಯಲ್ಲಿ ‘ವಾರ್ಡಿನ ಸಿಬ್ಬಂದಿಗೆ ವಂದನೆ’ ಎಂದು ಒಂದು ಸಾಲಿತ್ತು. ಅವಳಿಗೆ ಹೇಳಬೇಕು, ನಾಳೆ ಹೇಳೋಣ ಎಂದುಕೊಂಡರು. ನಾಳೆ ನಾಡಿದ್ದಾಯಿತು. ತಡವಾದಷ್ಟೂ ‘ಇಷ್ಟು ದಿನ ಯಾಕೆ ಹೇಳಲಿಲ್ಲ’ ಎಂಬುದಕ್ಕೆ ಉತ್ತರ ಹುಡುಕುವುದು ಕಷ್ಟವಾಯಿತು. ಒಮ್ಮೆ ಕಾರಿಡಾರಿನಲ್ಲಿ ಅವಳು ಒದ್ದೆ ಬಟ್ಟೆಯ ತಳ್ಳುಗಾಡಿ ಬದಿಗೆ ಸರಿಸಿ ದಾರಿ ಬಿಟ್ಟು, “ಚೆನ್ನಾಗಿದ್ದೀರಾ ಸಾರ್?” ಎಂದು ಕೇಳಿದಳು. ಹೇಳಲು ಅದಕ್ಕಿಂತ ಒಳ್ಳೆಯ ಹೊತ್ತಿರಲಿಲ್ಲ. ಡಾಕ್ಟರು ಕೈಗಡಿಯಾರ ನೋಡಿಕೊಂಡು, ತುರ್ತಿದ್ದವರಂತೆ ನಡೆದುಬಿಟ್ಟರು. ಅದನ್ನು ನೆನೆದಾಗಲೆಲ್ಲ ಅವರಿಗೆ ತಮ್ಮ ಮೇಲೆ ಹೇಸಿಗೆಯಾಗುತ್ತಿತ್ತು.

*

ಎಲ್ಲವನ್ನೂ ಕೇಳಿ ಮಗಳು ನಲ್ಲಿಯ ಕಟ್ಟೆಯ ಮೇಲೆ ಕೂತಳು. ಬೈಯುತ್ತಾಳೆಂದು ಡಾಕ್ಟರು ಕಾದರು. ಬೈದಿದ್ದರೆ ಅವರಿಗೆ ಸ್ವಲ್ಪ ಹಗುರಾಗುತ್ತಿತ್ತು.

“ಆ ಪತ್ರ ಬರ್ದಿದ್ದು ನಾನು ಸಾರ್,” ಎಂದಳು.

“ಯಾವ ಪತ್ರ?”

“‘ನನ್ನಿಂದ ತಪ್ಪಾಯಿತು, ಕ್ಷಮಿಸಿ’ ಅಂತ ಬಂತಲ್ಲ ನಿಮ್ಮ ಕೈಗೆ, ಅದು. ಅವತ್ತು ಮನೆಗೆ ಬಂದವಳೇ ‘ನಾನು ಮಾಡಿಲ್ಲ ಕಣೇ’ ಅಂದ್ಲು. ‘ಅಷ್ಟು ಓದಿದೋರು ಸುಮ್‌ಸುಮ್ನೆ ಹೇಳ್ತಾರಾ? ಒಪ್ಕೊಂಡ್ಬಿಡು, ಕೆಲಸನಾದ್ರೂ ಉಳಿಯತ್ತೆ’ ಅಂದೆ ನಾನು. ಅಮ್ಮ ನಾನು ತೋರಿಸಿದ ಕಡೆ ಸಹಿ ಹಾಕಿದ್ಲು.” ಒದ್ದೆ ಕೈಗಳನ್ನು ಬಟ್ಟೆಗೆ ಒರೆಸಿಕೊಂಡಳು. “ನೀವು ಯಂತ್ರ ನೋಡಿ ಅವಳನ್ನ ನಂಬ್ಲಿಲ್ಲ. ನಾನು ಏನು ನೋಡಿ ನಂಬ್ಲಿಲ್ಲ?”

ತಮ್ಮ ಹೊರೆ ಇಳಿಸಲು ಬಂದ ಡಾಕ್ಟರು ಅದನ್ನು ಇವಳ ತಲೆಗೂ ಹೊರಿಸಿದ್ದರು.

“ಬನ್ನಿ,” ಎಂದು ಅವಳು ಎದ್ದಳು. “ನನಗೊಬ್ಬಳಿಗೆ ಹೇಳಿದ್ರೆ ಸಾಲದು. ಎಲ್ಲರ ಮುಂದೆ ಹೇಳಿ. ಅವತ್ತೂ ಎಲ್ಲರ ಮುಂದೇನೇ ಅಲ್ವಾ ಹೇಳಿದ್ದು?”

ಹಾಲಿನಲ್ಲಿ ಹನ್ನೆರಡು ಜನರಿದ್ದರೆ ಹೆಚ್ಚು. ಡಾಕ್ಟರು ಎದ್ದು ನಿಂತಾಗ, ಸತ್ತವರ ಬಗ್ಗೆ ನಾಲ್ಕು ಒಳ್ಳೆಯ ಮಾತು ಆಡುತ್ತಾರೆಂದು ಎಲ್ಲರೂ ಸುಮ್ಮನಾದರು. ಡಾಕ್ಟರು ನೆಲ ನೋಡಿಕೊಂಡು ಹೇಳಿದರು. ತಪ್ಪು ತಮ್ಮದು ಎಂದರು. ಗೊತ್ತಾದ ಮೇಲೂ ಒಂಬತ್ತು ವರ್ಷ ಬಾಯಿ ಮುಚ್ಚಿಕೊಂಡಿದ್ದೆ ಎಂದರು.

“ಏನಂತೆ? ಏನು ಹೇಳ್ತಿದಾರೆ ಅವರು?” ಎಂದಳು ದೊಡ್ಡಮ್ಮ.

ಮಗಳು ಅವಳ ಪಕ್ಕದಲ್ಲಿ ಮೊಣಕಾಲೂರಿ, ಕಿವಿಗೆ ಬಾಯಿಟ್ಟು ಕೂಗಿದಳು. “ಅಮ್ಮ ಮೋಸ ಮಾಡಿರ್ಲಿಲ್ವಂತೆ ದೊಡ್ಡಮ್ಮಾ! ಡಬ್ಬಿ ವಿಷಯದಲ್ಲಿ! ಎಲ್ಲಾ ಸರಿಯಾಗೇ ಬರ್ದಿದ್ಲಂತೆ!” ಅವಳ ದನಿ ಹಾಲಿನ ಮೂಲೆಮೂಲೆಗೂ ಮುಟ್ಟಿತು. ಪಕ್ಕದ ಕುಟುಂಬದವರೂ ತಿರುಗಿ ನೋಡಿದರು.

ದೊಡ್ಡಮ್ಮ ಒಮ್ಮೆ ಮಗಳನ್ನೂ ಒಮ್ಮೆ ಡಾಕ್ಟರನ್ನೂ ನೋಡಿದಳು. ಅವಳಿಗೆ ಆಶ್ಚರ್ಯವೇನೂ ಆದಂತಿರಲಿಲ್ಲ.

“ಅದು ಗೊತ್ತಿದ್ದದ್ದೇ ಅಲ್ವೇನೇ,” ಎಂದಳು. “ಅವತ್ತೇ ನನ್ನ ಹತ್ರ ಬಂದು ‘ಅಕ್ಕಾ, ನಾನು ಮಾಡಿಲ್ಲ’ ಅಂದಿದ್ಲು. ಇನ್ನೇನು ಬೇಕಿತ್ತು ನಿಮಗೆಲ್ಲ?”

ಒಳಬಾಗಿಲು ತೆರೆದು ಖಾಕಿ ಅಂಗಿಯ ಕೆಲಸದವನು ತಲೆ ಹೊರಹಾಕಿದ. “ನಿಮ್ಮದೇ ಸರದಿ. ತೀರಾ ಹತ್ತಿರದೋರು ಇಬ್ಬರು ಒಳಗೆ ಬನ್ನಿ. ಇಬ್ಬರೇ.”

ಎಲ್ಲರೂ ಮಗಳ ಕಡೆ ನೋಡಿದರು. ಅವಳು ನೆಲಕ್ಕೂರಿದ ಮೊಣಕಾಲನ್ನು ಎತ್ತಲಿಲ್ಲ. ದೊಡ್ಡಮ್ಮ ಕೋಲೂರಿ ಎದ್ದು, ಒಂದೊಂದೇ ಹೆಜ್ಜೆ ಇಡುತ್ತಾ ಹಾಲನ್ನು ದಾಟಿ, ಹಿಂದೆ ಯಾರು ಬಂದರೆಂದು ತಿರುಗಿಯೂ ನೋಡದೆ ಒಳಗೆ ಹೋದಳು.

“ಇನ್ನೊಬ್ಬರು?” ಎಂದ ಕೆಲಸದವನು. ಬಾಗಿಲು ಮುಚ್ಚಿಕೊಳ್ಳದಂತೆ ಒಂದು ಕಾಲನ್ನು ಅಡ್ಡ ಕೊಟ್ಟು, ಹಾಲಿನಲ್ಲಿದ್ದ ಒಂದೊಂದೇ ಮುಖವನ್ನು ನೋಡುತ್ತಾ ಅವನು ಕಾಯುತ್ತಲೇ ನಿಂತ.