ಹಸಿರು ಚೀಟಿಯವಳಿಗೆ ತಂಗಿಯಿಲ್ಲ

೧

ಈ ಕಥೆಯನ್ನು ಎಲ್ಲಿಂದ ಶುರು ಮಾಡಬೇಕೆಂದು ಹದಿನಾಲ್ಕು ತಿಂಗಳಿಂದ ತಲೆ ಕೆರೆದುಕೊಳ್ಳುತ್ತಿದ್ದೇನೆ. ಟೈಲರಕ್ಕ ಮೊದಲ ದಿನ ಕ್ಲಾಸಿಗೆ ಬಂದದ್ದರಿಂದಲೇ? ವೀಸಾ ಕಚೇರಿಯ ಕೌಂಟರಿನಿಂದಲೇ? ಅಥವಾ ‘ನಾನೊಬ್ಬ ಒಳ್ಳೆಯ ಮೇಷ್ಟ್ರು’ ಎಂಬ ವಾಕ್ಯದಿಂದಲೇ? ಕೊನೆಯದನ್ನು ಮೂರು ಸಲ ಬರೆದೆ, ಮೂರು ಸಲವೂ ಹೊಡೆದುಹಾಕಿದೆ.

ಓದುಗರೇ, ನೀವು ಆತುರದವರಾದರೆ ಈಗಲೇ ಹೇಳಿಬಿಡುತ್ತೇನೆ. ನಾನು ನಾಟಕ ಆಡಿಸಿ ಒಂದು ಪರಭಾಷೆ ಕಲಿಸುತ್ತೇನೆ. ನನ್ನ ಕ್ಲಾಸಿನಲ್ಲಿ ಕಲಿತ ಒಂದು ಮಾತಿನಿಂದಾಗಿ ಒಬ್ಬ ಅಕ್ಕನಿಗೆ ತನ್ನ ತಂಗಿಯ ಹತ್ತಿರ ಹೋಗಲಾಗಲಿಲ್ಲ. ಉಳಿದದ್ದೆಲ್ಲ ನನ್ನ ಸಮಜಾಯಿಷಿ.

೨

ಸಂಜೆ ಆರರಿಂದ ಏಳೂವರೆ, ನಮ್ಮ ಭಾಷಾ ಸಂಸ್ಥೆಯ ಎರಡನೇ ಮಹಡಿ. ಡೆಸ್ಕುಗಳನ್ನೆಲ್ಲ ಗೋಡೆಗೆ ತಳ್ಳಿ ನಡುವೆ ಜಾಗ ಮಾಡಿಕೊಳ್ಳುತ್ತಿದ್ದೆವು. ಗೋಡೌನಿನಲ್ಲಿ ಬಿದ್ದಿದ್ದ ಒಂದು ಹಳೆಯ ಕಿಟಕಿ ಚೌಕಟ್ಟನ್ನು ತಂದಿಟ್ಟುಕೊಂಡಿದ್ದೆ. ಎರಡು ಕುರ್ಚಿಗಳ ಮೇಲೆ ನಿಲ್ಲಿಸಿದರೆ ಅದೇ ಬ್ಯಾಂಕು, ಅದೇ ಔಷಧಿ ಅಂಗಡಿ, ಅದೇ ವೀಸಾ ಕಚೇರಿ. ಆಚೆ ಬದಿಗೆ ಯಾವಾಗಲೂ ಕಲಿಯಲು ಬರುತ್ತಿದ್ದ ಡ್ರೈವರಣ್ಣನೇ ಕೂರುತ್ತಿದ್ದ. ಜೀವನವಿಡೀ ಅಧಿಕಾರಿಗಳ ಮುಖ ನೋಡಿದವನು, ಆ ಗಂಟುಮುಖ ಅವನಿಗೆ ಬಾಯಿಪಾಠವಾಗಿತ್ತು. ಡಸ್ಟರ್ ಎತ್ತಿ ಡಬ್ ಎಂದು ಸೀಲು ಹೊಡೆದನೆಂದರೆ ಕ್ಲಾಸು ಬಿದ್ದು ಬಿದ್ದು ನಗುತ್ತಿತ್ತು.

ನನ್ನ ವಿಧಾನ ಇಷ್ಟೇ: ಎಲ್ಲರಿಗೂ ಒಂದೊಂದು ಬಣ್ಣದ ಚೀಟಿ. ಅದರಲ್ಲಿ ಒಂದು ಪಾತ್ರ. ‘ನಿಮ್ಮನ್ನು ಮರೆಯಿರಿ, ಚೀಟಿಯವರಾಗಿ’ ಎನ್ನುವುದು ನನ್ನ ಮಂತ್ರ. ನಾಚಿಕೆ ನಮ್ಮದು, ಪಾತ್ರಕ್ಕೆ ನಾಚಿಕೆಯಿಲ್ಲ. ಹಾಗಾಗಿ ನಾಲಿಗೆ ಹೊರಳುತ್ತದೆ. (ಈ ವಿಷಯವಾಗಿ ಎರಡು ಸೆಮಿನಾರುಗಳಲ್ಲಿ ಮಾತಾಡಿ ಬೆನ್ನು ತಟ್ಟಿಸಿಕೊಂಡಿದ್ದೇನೆ. ಒಂದರಲ್ಲಿ ಶಾಲು ಹೊದಿಸಿದರು. ಈಗ ಅದು ಕಪಾಟಿನ ಮೇಲಿನ ಖಾನೆಯಲ್ಲಿದೆ, ನಾನು ತೆಗೆಯುವುದಿಲ್ಲ.)

೩

ಟೈಲರಕ್ಕನಿಗೆ ಐವತ್ತರ ಹತ್ತಿರ. ಪ್ಯಾಂಟು, ಕೋಟು ಹೊಲಿಯುವ ಅಂಗಡಿ ಅವರದ್ದು. ಅವರು ಬಂದದ್ದು ಒಂದೇ ಕಾರಣಕ್ಕೆ. ಆ ಭಾಷೆಯ ದೇಶದಲ್ಲಿ ಅವರ ಒಬ್ಬಳೇ ತಂಗಿಯಿದ್ದಳು. ಹೃದಯದ ಆಪರೇಷನ್ನು ಆಗಬೇಕಿತ್ತು, ಜೊತೆಗೆ ಯಾರೂ ಇರಲಿಲ್ಲ. ವೀಸಾ ಸಂದರ್ಶನ ಅದೇ ಭಾಷೆಯಲ್ಲಿ.

ಮೊದಲ ಸಲ ಚೌಕಟ್ಟಿನ ಮುಂದೆ ನಿಂತಾಗ ಅವರು ಚೀಟಿ ತೆಗೆದುಕೊಳ್ಳಲಿಲ್ಲ. “ನಂಗೆ ತಂಗಿ ಇದಾಳೆ” ಎಂದು ಶುರು ಮಾಡಿದರು, ಹೊಸ ಭಾಷೆಯಲ್ಲಿ. ಮುಂದಿನ ವಾಕ್ಯ ಬರಲಿಲ್ಲ, ಅಳು ಬಂತು. ಡ್ರೈವರಣ್ಣ ಡಸ್ಟರ್ ಹಿಡಿದುಕೊಂಡೇ ಎದ್ದು ನಿಂತ. ಆವತ್ತು ನನ್ನ ಕ್ಲಾಸು ನೋಡಲು ಹೊರಗಿನಿಂದ ಇಬ್ಬರು ಬಂದು ಹಿಂದೆ ಕೂತಿದ್ದರು. ನಾನು ಟೈಲರಕ್ಕನಿಗೆ ನೀರು ಕೊಟ್ಟೆ, ಜೊತೆಗೆ ಒಂದು ಹಸಿರು ಚೀಟಿಯನ್ನೂ ಕೊಟ್ಟೆ.

‘ನೀವು ಚಿತ್ರಕಲಾವಿದೆ. ಊರು ನೋಡಲು ಹೊರಟಿದ್ದೀರಿ. ಆ ದೇಶದಲ್ಲಿ ನಿಮಗೆ ಯಾರೂ ಇಲ್ಲ.’

ಚೀಟಿಯವಳಾದ ಕೂಡಲೇ ಅವರ ಬೆನ್ನು ನೆಟ್ಟಗಾಯಿತು. ನಕ್ಕರು, ಕತ್ತು ಓರೆ ಮಾಡಿದರು, ಪಟಪಟನೆ ಮಾತಾಡಿದರು. ಹಿಂದಿನ ಇಬ್ಬರು ಚಪ್ಪಾಳೆ ತಟ್ಟಿದರು. ಆಮೇಲೆ ಯಾರು ಕ್ಲಾಸು ನೋಡಲು ಬಂದರೂ ಟೈಲರಕ್ಕನಿಗೆ ಹಸಿರು ಚೀಟಿಯೇ. ಲೆಕ್ಕ ಹಾಕಿದ್ದೇನೆ, ಹನ್ನೊಂದು ಸಲ.

“ಮೇಷ್ಟ್ರೇ, ನನ್ನ ಮಾತೇ ಹೇಳ್ಕೊಡಿ. ತಂಗೀದು.”

“ಸ್ವಂತ ವಿಷಯ ತಂದ್ರೆ ತಡವರಿಸ್ತೀರಾ ಅಕ್ಕ. ಭಾಷೆ ಬಂದ್ರೆ ಸಾಕು, ವಿಷಯ ತಾನಾಗೇ ಬರುತ್ತೆ.”

(ಇಲ್ಲಿ ಟೈಲರಕ್ಕ ನನ್ನ ಹಸ್ತಪ್ರತಿಯಲ್ಲಿ ಬೆರಳಿಟ್ಟು ತಕರಾರು ತೆಗೆದರು: “ನಾನು ಒಂದ್ಸಲ ಕೇಳಿದ್ದಲ್ಲ. ನಾಲ್ಕು ಸಲ.” ಸರಿ. ನಾಲ್ಕು ಸಲ ಕೇಳಿದರು, ನಾಲ್ಕು ಸಲವೂ ಅದೇ ಉತ್ತರ ಕೊಟ್ಟೆ.)

೪

ಸೋಮವಾರ. ಗಾಜಿನಾಚೆ ನಿಜವಾದ ಅಧಿಕಾರಿ. ಟೈಲರಕ್ಕನ ಕೈಯಲ್ಲಿ ಆಸ್ಪತ್ರೆಯ ಕಾಗದ, ತಂಗಿಯ ಕಾಗದ, ಎಲ್ಲ ಸರಿಯಾಗಿ ಜೋಡಿಸಿದ ಫೈಲು. ಅಧಿಕಾರಿ ಕೇಳಿದ, ನಮ್ಮ ದೇಶದಲ್ಲಿ ನಿಮಗೆ ಯಾರಿದ್ದಾರೆ?

ಟೈಲರಕ್ಕನ ಬೆನ್ನು ನೆಟ್ಟಗಾಯಿತು. ನಕ್ಕರು. ಕತ್ತು ಓರೆ ಮಾಡಿದರು. ಯಾರೂ ಇಲ್ಲ, ಊರು ನೋಡೋಕೆ ಹೋಗ್ತಿದೀನಿ, ಎಂದರು. ಅವನು ಫೈಲು ನೋಡಿ ಇನ್ನೊಮ್ಮೆ ಕೇಳಿದ. ಎರಡನೇ ಸಲ ಇನ್ನೂ ಚೆನ್ನಾಗಿ ಹೇಳಿದರು. ಹೊರಗಿನ ಮೆಟ್ಟಿಲ ಮೇಲೆ ಬಂದು ಕೂತಾಗಲೇ ಅವರಿಗೆ ತಾವು ಹೇಳಿದ್ದೇನೆಂದು ಅರ್ಥವಾದದ್ದು.

ಅರ್ಜಿ ತಿರಸ್ಕೃತ. ಕಾರಣ: ಹೇಳಿಕೆಗೂ ದಾಖಲೆಗೂ ಹೊಂದಾಣಿಕೆಯಿಲ್ಲ. ಮತ್ತೆ ಒಳಗೆ ಹೋಗಿ ಗೋಗರೆದ ಮೇಲೆ ಯಾರೋ ಒಬ್ಬರು ಕರುಣೆ ತೋರಿಸಿದರಂತೆ: ಇದು ಪಾಠದ ಮಾತೇ ಆಗಿದ್ದರೆ ನಿಮ್ಮ ಮೇಷ್ಟ್ರಿಂದ ಒಂದು ಕಾಗದ ತನ್ನಿ. ಶುಕ್ರವಾರದೊಳಗೆ ತಂದರೆ ಮತ್ತೆ ನೋಡುತ್ತೇವೆ.

ಆಪರೇಷನ್ನು ಮುಂದಿನ ಸೋಮವಾರವಿತ್ತು.

೫

(ಮೊದಲ ಕರಡು.) ಮಂಗಳವಾರ ಬೆಳಿಗ್ಗೆ ಟೈಲರಕ್ಕ ಬಂದು ಕಾಗದ ಕೇಳಿದರು. ನಾನು ತಕ್ಷಣ ಪ್ರಿನ್ಸಿಪಾಲ್ ಮೇಡಂ ಹತ್ತಿರ ಓಡಿದೆ. ಮೇಡಂ ಕೆಂಡಾಮಂಡಲವಾದರು. ಸಂಸ್ಥೆಯ ಹೆಸರು ಹಾಳಾಗುತ್ತದೆಂದು ಲೆಟರ್‌ಹೆಡ್ ಕೊಡಲು ಒಪ್ಪಲಿಲ್ಲ. ನಾನು ನಾಲ್ಕು ದಿನ ಬೇಡಿಕೊಂಡೆ, ಕಾಲು ಹಿಡಿಯುವುದೊಂದು ಬಾಕಿ.

(ಈ ಕರಡು ಶುದ್ಧ ಸುಳ್ಳು. ಚೆನ್ನಾಗಿ ಬಂದಿತ್ತು, ಒಂದು ಪತ್ರಿಕೆಗೆ ಕಳಿಸುವುದರಲ್ಲಿದ್ದೆ.)

ನಡೆದದ್ದು ಇದು. ಮೇಡಂ ವಿಷಯ ಕೇಳಿದರು, ಖಾಲಿ ಲೆಟರ್‌ಹೆಡ್ ಮೇಲೆ ಸಹಿ ಹಾಕಿದರು, “ಬೇಗ ಬರೆದುಕೊಡಿ ಪಾಪ” ಎಂದರು. ಎರಡು ನಿಮಿಷವೂ ಹಿಡಿಯಲಿಲ್ಲ.

ಬರೆಯಬೇಕಾಗಿದ್ದವನು ನಾನು. ನಾಲ್ಕು ಸಾಲಿನ ಕೆಲಸ: ಈಕೆ ಹೇಳಿದ್ದು ನಾನು ಕಲಿಸಿದ ಮಾತು. ಈಕೆಗೆ ತಂಗಿ ಇದ್ದಾಳೆ. ತಪ್ಪು ನನ್ನದು. ದಯವಿಟ್ಟು ಈಕೆಯನ್ನು ಹೋಗಲು ಬಿಡಿ.

ಮೂರನೇ ವಾಕ್ಯಕ್ಕೆ ಪೆನ್ನು ನಿಂತಿತು. ‘ತಪ್ಪು ನನ್ನದು’ ಎಂದು ಬರೆದರೆ ವಿಧಾನವೇ ತಪ್ಪು ಎಂದಂತಾಗುವುದಿಲ್ಲವೇ? ‘ಬೋಧನಾಕ್ರಮದ ಒಂದು ಅನಿರೀಕ್ಷಿತ ಪರಿಣಾಮ’ ಎಂದು ತಿದ್ದಿದೆ. ‘ಕಲಿಯುವವರ ಅತಿ ತನ್ಮಯತೆ’ ಎಂದು ತಿದ್ದಿದೆ. ಅಡ್ಡಗೋಡೆಯ ಮೇಲೆ ದೀಪ ಇಡುವ ಕಲೆಯಲ್ಲಿ ನಾನು ಪಳಗಿದವನು. ಬುಧವಾರ ಏಳು ಕರಡು, ಗುರುವಾರ ಆರು. ಟೈಲರಕ್ಕ ದಿನಾ ಬಾಗಿಲಲ್ಲಿ ನಿಂತು “ಆಯ್ತಾ ಮೇಷ್ಟ್ರೇ?” ಎನ್ನುವರು, ನಾನು “ನಾಳೆ ಅಕ್ಕ, ಖಂಡಿತ” ಎನ್ನುವೆನು. ಶುಕ್ರವಾರವೂ ಹಾಗೇ ಹೇಳಿ ಕಳಿಸಿದೆ. ಶನಿವಾರ, “ಸೋಮವಾರ ಕೈಗೇ ಕೊಡ್ತೀನಿ, ತಡವಾದ್ರೂ ತಗೋತಾರೆ” ಎಂದೆ. ಕಾಗದ ಮುಗಿದದ್ದು ಮುಂದಿನ ಮಂಗಳವಾರ. ಬಹಳ ಸೊಗಸಾದ ಕಾಗದ. ಅಷ್ಟರಲ್ಲಿ ತಂಗಿ ಆಪರೇಷನ್ ಟೇಬಲ್ಲಿನ ಮೇಲೆಯೇ ತೀರಿಕೊಂಡಿದ್ದಳು.

ಹೀಗೆ ಕರಡು ಹರಿಯುತ್ತಾ, ಕಂಸ ಹಾಕುತ್ತಾ, ನನ್ನನ್ನು ನಾನೇ ಗೇಲಿ ಮಾಡುತ್ತಾ ಕಥೆ ಬರೆಯುವುದು ಆಧುನಿಕೋತ್ತರ ಎಂದು ನೀವು ಅಂದುಕೊಂಡಿರಬಹುದು. ಅಲ್ಲ ಕಣ್ರೀ. ನಾನಿರುವುದೇ ಹೀಗೆ. ಆ ವಾರವಿಡೀ ಹೀಗೇ ಇದ್ದೆ. ನನಗೆ ನಾಚಿಕೆಯಾಗುತ್ತದೆ.

೬

ಅಂತ್ಯಗಳು. ನಿಮಗೆ ಬೇಕಾದ್ದು ಆರಿಸಿಕೊಳ್ಳಿ ಎನ್ನುವುದು ವಾಡಿಕೆ.

ಅ) ಕಾಗದ ಕೇಳಿದ ಮಂಗಳವಾರವೇ ಹೋಗುತ್ತದೆ. ಅಕ್ಕ ತಂಗಿಯ ಕೈ ಹಿಡಿದು ಕೂರುತ್ತಾಳೆ. ತಂಗಿ ಉಳಿಯುತ್ತಾಳೆ.

ಆ) ಕಾಗದ ಹೋಗುತ್ತದೆ, ಅಕ್ಕ ಹೋಗುತ್ತಾಳೆ, ಆದರೂ ತಂಗಿ ಸಾಯುತ್ತಾಳೆ. (ಇದು ನನಗೆ ಪ್ರಿಯವಾದದ್ದು. ಯಾಕೆಂದು ಹೇಳಬೇಕೇ?)

ಇ) ಟೈಲರಕ್ಕ ನನ್ನನ್ನು ಕ್ಷಮಿಸುತ್ತಾರೆ.

ಮೂರನ್ನೂ ಅವರ ಅಂಗಡಿಗೆ ಒಯ್ದು ಓದಿದೆ. ಮಧ್ಯಾಹ್ನ ಮೂರು ಗಂಟೆ, ಗಿರಾಕಿಗಳಿರಲಿಲ್ಲ. ಅವರು ಒಂದು ಕೋಟಿನ ತೋಳು ಬಿಚ್ಚುತ್ತಾ ಕೇಳಿಸಿಕೊಂಡರು.

“ಮೂರನೇದ್ರಲ್ಲಿ ನಾನು ಏನಂತೀನಿ?”

“‘ಆಗಿದ್ದಾಯ್ತು ಬಿಡಿ ಮೇಷ್ಟ್ರೇ’ ಅಂತೀರಾ.”

“ನಾನು ಹಾಗಂದಿಲ್ಲ.”

“ಅಂದಿಲ್ಲ.”

“ಮತ್ತೆ ಮಾತು ಹಾಕ್ತಿದೀರಲ್ಲ ಬಾಯಿಗೆ.” ಕೋಪವಿರಲಿಲ್ಲ ಅವರ ದನಿಯಲ್ಲಿ. ಇದ್ದಿದ್ದರೆ ಒಳ್ಳೆಯದಿತ್ತು.

೭

ನಾನು ಹಾಳೆಗಳನ್ನು ಮಡಚಿ ಏಳುವುದರಲ್ಲಿದ್ದೆ.

“ಆವತ್ತು ಬೆಳಿಗ್ಗೆ ಫೋನ್ ಮಾಡಿದ್ಲು,” ಎಂದರು. “ಒಳಗೆ ಕರ್ಕೊಂಡು ಹೋಗೋಕೆ ಮುಂಚೆ. ‘ಎಲ್ಲಿದೀಯಾ ಅಕ್ಕಾ’ ಅಂದ್ಲು.”

ನಾನು ಮತ್ತೆ ಕೂತೆ.

“ನೀವು ನಾಳೆ ನಾಳೆ ಅಂದಿದ್ದಕ್ಕೆ ನಾನೂ ಅವಳಿಗೆ ‘ಬರ್ತಿದೀನಿ’ ಅಂತಲೇ ಹೇಳ್ಕೊಂಡು ಬಂದಿದ್ದೆ. ಈಗ ಇಲ್ಲ ಅನ್ನೋಕಾಗುತ್ತಾ? ವಿಮಾನ ಹತ್ತೋ ಕ್ಯೂನಲ್ಲಿದೀನಿ ಅಂದೆ. ಮುಂದೆ ಇಬ್ರೇ ಇದಾರೆ ಅಂದೆ. ಏರ್‌ಪೋರ್ಟ್ ಗದ್ದಲದ ಹಾಗೆ ಕೇಳಿಸ್ಲಿ ಅಂತ ಹೊಲಿಗೆ ಮೆಷಿನ್ನೂ ತುಳಿದೆ.” ಸೂಜಿ ತೆಗೆದು ಕೋಟಿಗೆ ಚುಚ್ಚಿಟ್ಟರು. “ಚೆನ್ನಾಗಿ ಮಾಡ್ದೆ ಮೇಷ್ಟ್ರೇ. ಒಂಚೂರೂ ತಡವರಿಸ್ಲಿಲ್ಲ. ಅಳು ಕೂಡ ಬರ್ಲಿಲ್ಲ. ನೀವು ಹೇಳ್ಕೊಟ್ಟ ಹಾಗೇ.”

“ನಂಬಿದ್ರಾ?”

“ನಂಬಿದ್ಲು.”

“ಏನಂದ್ರು?”

ಟೈಲರಕ್ಕ ನನ್ನನ್ನೂ ನನ್ನ ಕೈಯಲ್ಲಿದ್ದ ಹಾಳೆಗಳನ್ನೂ ನೋಡಿದರು. “ಅದು ನಿಮಗೆ ಬೇಡ,” ಎಂದರು. ಆಮೇಲೆ ತೋಳು ಬಿಚ್ಚುವುದನ್ನು ಮುಂದುವರಿಸಿದರು.

ಮನೆಗೆ ಬರುವ ದಾರಿಯಲ್ಲಿ ಆ ತಂಗಿ ಏನೆಂದಿರಬಹುದೆಂದು ಐದಾರು ವಾಕ್ಯ ತಾವಾಗಿಯೇ ಹುಟ್ಟಿಕೊಂಡವು. ಒಂದಕ್ಕಿಂತ ಒಂದು ಚೆನ್ನಾಗಿದ್ದವು. ಒಂದನ್ನೂ ಇಲ್ಲಿ ಬರೆದಿಲ್ಲ. ಓದುಗರೇ, ನಿಮಗೂ ಏನಾದರೂ ಹೊಳೆದಿದ್ದರೆ ನಿಮ್ಮಲ್ಲೇ ಇರಲಿ. ತಂಗಿಯ ಮಾತು ನನಗೆ ಗೊತ್ತಿಲ್ಲ, ಹಾಗಾಗಿ ಕಥೆ ಅವಳ ಮಾತಿಗಿಂತ ಒಂದು ಸಾಲು ಮುಂಚೆ ನಿಂತಿದೆ.